ವೆಂಕಪ್ಪ ತಡೆದಿಟ್ಟ ಮೂತಿಪಟ್ಟಿ

ವೆಂಕಪ್ಪ ಪಾಪದವನು, ಸಾಧು ಎಂದು ನಮ್ಮ ಬಿ.ಸಿ.ರೋಡು ಪೇಟೆಯಲ್ಲಿ ಯಾರಾದರೂ ಹೇಳಿದರೆ ನನಗೆ ಮೈ ಉರಿಯುತ್ತದೆ. ಪಾಪದವನಂತೆ! ಅವನ ಹೊಟ್ಟೆಯೊಳಗಿದ್ದ ಹಗೆಯನ್ನು ಇವರು ಯಾರೂ ಕಂಡವರಲ್ಲ. ನಾನು ಕಂಡಿದ್ದೇನೆ. ನಾನು ಪೈಂಟರ್ ಪರಮೇಶ್ವರ. ಅಬ್ದುಲ್ ಮಜೀದರ ಶೆಡ್ಡಿನಲ್ಲಿ ಗಾಡಿಗಳಿಗೆ ಬಣ್ಣ ಹೊಡೆಯುವವನು ನಾನು, ನಾನು ಬಣ್ಣ ಹೊಡೆದ ಗಾಡಿಗೆ ಪಟ್ಟಿ ಕೂರಿಸುವವನು ವೆಂಕಪ್ಪ. ಅವನ ಕಥೆ ಹೇಳುವ ಹಕ್ಕು ನನಗೆ ಉಂಟು. ಅವನ ಸೇಡಿನ ನಡುವೆ ಸಿಕ್ಕಿಬಿದ್ದದ್ದು ನನ್ನ ಬಣ್ಣ.

ಗೊತ್ತಿಲ್ಲದವರಿಗೆ ಈ ಪಟ್ಟಿಯ ಸಂಗತಿ ಸ್ವಲ್ಪ ಹೇಳಬೇಕು. ಹಳೇ ವ್ಯಾನುಗಳಿಗೆ ಮೇಲೊಂದು ಬಣ್ಣ, ಕೆಳಗೊಂದು ಬಣ್ಣ. ಎರಡೂ ಸೇರುವ ಕಡೆ ಎಂಥ ಪೈಂಟರ್ ಆದರೂ ಗೆರೆ ಒಂಚೂರು ಹರಿದ ಹಾಗೆ ಕಾಣುತ್ತದೆ. ಅದನ್ನು ಮುಚ್ಚಲು ಸುತ್ತಲೂ ಹೊಳೆಯುವ ಅಲ್ಯುಮಿನಿಯಂ ಪಟ್ಟಿ ಹೊಡೆಯುತ್ತಾರೆ. ಎರಡೂ ಬದಿಯ ಪಟ್ಟಿಗಳು ಮುಂದೆ ಬಂದು, ಗಾಜಿನ ಕೆಳಗೆ ಓರೆಯಾಗಿ ಇಳಿದು, ಒಂದನ್ನೊಂದು ಕೂಡುತ್ತವೆ. ಅವು ಕೂಡುವ ಜಾಗಕ್ಕೆ ಅಂಗೈಯಗಲದ ಒಂದು ತುಂಡು. ನಾವು ಅದನ್ನು ಮೂತಿಪಟ್ಟಿ ಎನ್ನುತ್ತಿದ್ದೆವು. ಅದಿಲ್ಲದಿದ್ದರೆ ಎಷ್ಟು ಚಂದದ ವ್ಯಾನಾದರೂ ಮೂಗು ಕೊಯ್ದ ಹಾಗೆ ಕಾಣುತ್ತದೆ.

ಹೊಸ ಬಣ್ಣದ ಮೇಲೆ ಡ್ರಿಲ್ ಇಡುವುದು ಮಕ್ಕಳಾಟ ಅಲ್ಲ. ಕೈ ಜಾರಿದರೆ ನನ್ನ ವಾರದ ಕೆಲಸ ಮಣ್ಣುಪಾಲು. ಎಷ್ಟೋ ಪಟ್ಟಿಯವರಿಗೆ ನಾನು ಶೆಡ್ಡಿನ ಮಾಡು ಹಾರುವ ಹಾಗೆ ಬೈದದ್ದುಂಟು. ವೆಂಕಪ್ಪನಿಗೆ ಮಾತ್ರ ಬೈಯಲು ಸಂದರ್ಭವೇ ಸಿಗುತ್ತಿರಲಿಲ್ಲ. ಒದ್ದೆ ದಾರ ಎಳೆದು ಗೆರೆ ನೋಡುತ್ತಿದ್ದ, ಟೇಪು ಅಂಟಿಸಿ ಅದರ ಮೇಲಿಂದ ತೂತು ಕೊರೆಯುತ್ತಿದ್ದ. ತೂತಿನ ಬಾಯಿಗೆ ಬಣ್ಣ ಮುಟ್ಟಿಸಿ, ಸೈಕಲ್ ಟ್ಯೂಬಿನ ರಬ್ಬರು ಕತ್ತರಿಸಿ ಇಟ್ಟು, ಆಮೇಲೆ ಸ್ಕ್ರೂ. ಬಾಯಿ ಮಾತ್ರ ಬಿಡುತ್ತಿರಲಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಅವನ ಹತ್ತಿರ ನಾಲ್ಕು ಮಾತು ಆಡಿಸಬೇಕಾದರೆ ನನ್ನ ಗಂಟಲು ಒಣಗುತ್ತಿತ್ತು.

ಆದರೆ ಅವನು ಹುಟ್ಟಾ ಪಟ್ಟಿಯವನಲ್ಲ, ಡ್ರೈವರ್. ಮೂಡುಬಿದಿರೆಯಲ್ಲಿ ಚಂದ್ರರಾಜ ಎಂದು ಒಬ್ಬ ಬಟ್ಟೆ ವ್ಯಾಪಾರಿ. ಎದುರಿಗೆ ನಾವೆಲ್ಲ 'ಧಣಿ' ಎಂದೇ ಕರೆದದ್ದು, ಇಲ್ಲಿ ಬರೆಯುವಾಗ ಆ ಮರ್ಯಾದೆ ಕೊಡಲು ನನ್ನ ಕೈ ಬರುವುದಿಲ್ಲ. ವೆಂಕಪ್ಪ ಅವನ ವ್ಯಾನು ಓಡಿಸುತ್ತಿದ್ದ. ಅವನ ಮನೆಯಲ್ಲೇ ಊಟ, ಮದುವೆಯಾಗುವವರೆಗೆ ಅವನ ಜಗಲಿಯಲ್ಲೇ ನಿದ್ದೆ.

ಎಪ್ಪತ್ತನಾಲ್ಕನೇ ಇಸವಿಯಲ್ಲಿ ಒಂದು ಬೆಳಿಗ್ಗೆ ಇಬ್ಬರೂ ಬಟ್ಟೆ ಗಂಟು ಹೇರಿಕೊಂಡು ಬೆಳ್ತಂಗಡಿಗೆ ಹೊರಟಿದ್ದರು. ಚಂದ್ರರಾಜನಿಗೆ ಆಗ ಡ್ರೈವಿಂಗಿನ ಹುಚ್ಚು. ಲೈಸೆನ್ಸು ಇಲ್ಲ. "ಕೊಡು ಮಾರಾಯ, ಸ್ವಲ್ಪ ನಾನು ಬಿಡ್ತೇನೆ" ಎಂದು ಸ್ಟೇರಿಂಗು ಹಿಡಿದ. ವೇಣೂರು ದಾಟಿ ಒಂದು ತಿರುವಿನಲ್ಲಿ ವ್ಯಾನು ಸೀದಾ ಚಹಾದ ಗೂಡಂಗಡಿಗೆ ನುಗ್ಗಿತು. ಒಳಗಿದ್ದ ಮುದುಕನ ಕಾಲು ಮುರಿಯಿತು. ಜನ ಸೇರುವ ಮೊದಲೇ ಚಂದ್ರರಾಜ ವೆಂಕಪ್ಪನ ಕೈ ಹಿಡಿದುಕೊಂಡ.

"ಗಾಡಿ ಬಿಟ್ಟದ್ದು ನೀನೇ ಅಂತ ಹೇಳು ವೆಂಕಪ್ಪ. ನನ್ನ ಮಾನ ಹೋಗ್ತದೆ. ನಿನ್ನನ್ನು ನಾನು ಕೈಬಿಡುವುದಿಲ್ಲ."

ಉಂಡ ಮನೆ ಅಲ್ಲವೇ? ಈ ಪೆದ್ದ ಒಪ್ಪಿದ. ಠಾಣೆಯಲ್ಲಿ ಬಿಟ್ಟದ್ದು ನಾನೇ ಎಂದ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಹಾಡುಹಗಲು, ಖಾಲಿ ರಸ್ತೆ, ಗಾಡಿ ಅಂಗಡಿಯೊಳಗೆ ಹೋದದ್ದು ಹೇಗೆ ಎಂದು ಅಲ್ಲಿಯವರು ಕೇಳಿದರು. ವೆಂಕಪ್ಪ ಬಾಯಿ ತೆರೆಯುವ ಮೊದಲೇ ಚಂದ್ರರಾಜ ಉತ್ತರ ಕೊಟ್ಟ. ನಮ್ಮಲ್ಲಿ ಮನೆ, ಅಂಗಡಿ, ಜಗಳ ಎಲ್ಲ ತುಳುವಿನಲ್ಲಿ. ಕನ್ನಡ ಬರುವುದು ಶಾಲೆಯಲ್ಲಿ, ಆಫೀಸಿನಲ್ಲಿ. ಚಂದ್ರರಾಜ ಸೇರಿದ ಜನರ ಎದುರು ಎದೆ ಸೆಟೆಸಿ, ಪಾಠ ಓದುವ ಹಾಗೆ ಕನ್ನಡದಲ್ಲಿ ಹೇಳಿದ:

"ಈತನು ಬೆಳಿಗ್ಗೆಯೇ ಮದ್ಯಪಾನ ಮಾಡಿ ಬಂದಿದ್ದನು. ನನಗೆ ತಡವಾಗಿ ತಿಳಿಯಿತು."

ಗಾಡಿ ಬಿಟ್ಟವನು ಎಂಬ ಹೆಸರನ್ನು ವೆಂಕಪ್ಪ ತಾನಾಗಿಯೇ ಹೊತ್ತಿದ್ದ. ಕುಡುಕ ಎಂಬ ಹೆಸರನ್ನು ಯಾರು ಹೊರಿಸಿದ್ದು? ಯಾಕೆ ಹೊರಿಸಬೇಕಿತ್ತು? ಇಂದಿಗೂ ನೆನೆದರೆ ನನಗೆ ಆ ಚಂದ್ರರಾಜನ ಕುತ್ತಿಗೆ ಹಿಡಿಯಬೇಕು ಅನಿಸುತ್ತದೆ.

ವೆಂಕಪ್ಪನ ಹೆಂಡತಿ ಸೇಸಮ್ಮ. ಅವಳ ಅಪ್ಪ ಕಳ್ಳು ಕುಡಿದೇ ಸತ್ತವನು. ಮದುವೆಗೆ ಮೊದಲು ಅವಳು ಹಿರಿಯರ ಎದುರು ಒಂದೇ ಮಾತು ಕೇಳಿದ್ದಳಂತೆ, ಕುಡಿಯುವುದಿಲ್ಲ ಎನ್ನುವವನಾದರೆ ಮಾತ್ರ ಎಂದು. ಠಾಣೆಯ ಸುದ್ದಿ ಕಿವಿಗೆ ಬಿದ್ದ ದಿನವೇ ಮಗುವನ್ನು ಎತ್ತಿಕೊಂಡು ಬೆಳ್ತಂಗಡಿಯ ತವರಿಗೆ ನಡೆದಳು. ಎಷ್ಟೋ ಸಮಯದ ಮೇಲೆ ತಿರುಗಿ ಬಂದಳು. ಹೇಗೆ ಒಪ್ಪಿ ಬಂದಳು ಎಂದು ನಾವು ಯಾರೂ ಕೇಳಲಿಲ್ಲ.

ಊರಿನವರು ಅವನಿಗೆ ಗಡಂಗು ವೆಂಕಪ್ಪ ಎಂದು ಹೆಸರಿಟ್ಟರು. ಗಡಂಗು ಎಂದರೆ ನಮ್ಮಲ್ಲಿ ಸಾರಾಯಿ ಅಂಗಡಿ. ಆ ಅಂಗಡಿಯ ಮೆಟ್ಟಿಲು ಹತ್ತದವನಿಗೆ ಆ ಹೆಸರು! ಯಾರೂ ಅವನ ಕೈಗೆ ಗಾಡಿ ಕೊಡಲಿಲ್ಲ. ಕೈಬಿಡುವುದಿಲ್ಲ ಎಂದಿದ್ದ ಚಂದ್ರರಾಜ ಅವನನ್ನು ಅಂಗಡಿಯ ಮೆಟ್ಟಿಲು ಹತ್ತಲೂ ಬಿಡಲಿಲ್ಲ. ಕೊನೆಗೆ ನಮ್ಮ ಮಜೀದಾಕ, ಅಬ್ದುಲ್ ಮಜೀದರನ್ನು ನಾವು ಕರೆಯುವುದು ಹಾಗೆ, "ಸ್ಟೇರಿಂಗು ಸಿಗದಿದ್ದರೆ ಬೇಡ, ಸ್ಕ್ರೂಡ್ರೈವರ್ ಹಿಡಿ" ಎಂದು ಕರೆದುಕೊಂಡರು.

ಇದೆಲ್ಲ ನನಗೆ ಗೊತ್ತಾದದ್ದು ಎಂಬತ್ತಮೂರರಲ್ಲಿ, ಅದೇ ವ್ಯಾನು ನಮ್ಮ ಶೆಡ್ಡಿಗೆ ಬಂದಾಗ. ಚಂದ್ರರಾಜನ ಮಗಳು ರಾಜಮತಿಗೆ ಮದುವೆ, ಅಳದಂಗಡಿಯ ಮುನಿರಾಜರ ಮಗನ ಜೊತೆ. ಮದುಮಗಳ ದಿಬ್ಬಣ ಹಳೇ ವ್ಯಾನಿನಲ್ಲೇ ಹೋಗಬೇಕು, ನೋಡಿದವರು ಬಾಯಿ ಮೇಲೆ ಬೆರಳಿಡಬೇಕು ಎಂದು ಅವನ ಆಸೆ. ಹೊಸ ಡ್ರೈವರ್ ಒಬ್ಬ ಗಾಡಿ ತಂದು ಬಿಟ್ಟುಹೋದ. ವೆಂಕಪ್ಪ ಅದರ ಸುತ್ತ ಒಂದು ಸುತ್ತು ಬಂದ, ಎಡದ ಮಡ್‌ಗಾರ್ಡಿನ ಒಳಗೆ ಕೈ ಹಾಕಿ, ಗೂಡಂಗಡಿಗೆ ಗುದ್ದಿದ ಹಳೇ ನೆಗ್ಗನ್ನು ತಡವಿದ, ಅಲ್ಲೇ ಕೂತುಬಿಟ್ಟ. ಆ ದಿನ ಮೊದಲ ಸಲ ಅವನು ತಾನಾಗಿ ಬಾಯಿ ಬಿಟ್ಟ. ಕೇಳಿ ಮುಗಿಸುವಷ್ಟರಲ್ಲಿ ನನ್ನ ಚಹಾ ತಣ್ಣಗಾಗಿತ್ತು, ತಲೆ ಕಾದಿತ್ತು.

"ಪಟ್ಟಿ ಸೊಟ್ಟ ಹೊಡಿ ಮಾರಾಯ," ಎಂದೆ. "ಮದುವೆ ಚಪ್ಪರದಲ್ಲಿ ಎಲ್ಲರೂ ನಗಲಿ. ನನ್ನ ಬಣ್ಣ ಹಾಳಾದರೂ ಅಡ್ಡಿಯಿಲ್ಲ."

"ಸೊಟ್ಟ ಹೊಡೆದರೆ ಕುಡಿದು ಹೊಡೆದ ಅಂತ ಹೇಳ್ತಾರೆ ಪರಮೇಶ್ವರಣ್ಣ," ಎಂದ ವೆಂಕಪ್ಪ. "ಒಂದು ಕೂದಲೆಳೆ ಆಚೀಚೆ ಆಗಬಾರದು."

ಹಾಗೆಯೇ ಮಾಡಿದ. ಮೇಲೆ ಕೆನೆ ಬಣ್ಣ, ಕೆಳಗೆ ಕಡು ಹಸಿರು, ನಾನು ಜೀವ ತೇದು ಹೊಡೆದಿದ್ದೆ. ಒಣಗಲು ಬಿಟ್ಟು, ಉಗುರು ಒತ್ತಿ ನೋಡಿ, ಇನ್ನೂ ಬೇಡ, ಇನ್ನೂ ಬೇಡ ಎಂದು ನನ್ನನ್ನೇ ಕಾಯಿಸಿದ. ಹಳೇ ಪಟ್ಟಿಗಳನ್ನು ಮರದ ಸುತ್ತಿಗೆಯಲ್ಲಿ ತಟ್ಟಿ ನೇರ ಮಾಡಿದ, ಕಳೆದುಹೋದವಕ್ಕೆ ಹೊಸ ತುಂಡು ಕಡಿದು ಅರ ಹಾಕಿದ. ಹೆಡ್‌ಲೈಟಿನ ಬಳೆ, ಬಾಗಿಲಿನ ಅಂಚು, ಚಕ್ರದ ಬಟ್ಟಲು, ಎಲ್ಲವನ್ನೂ ತಿಕ್ಕಿ ತಿಕ್ಕಿ ಹೊಳಪು ತಂದ. ಹಲ್ಲು ಕಚ್ಚಿಕೊಂಡು ದುಡಿಯುವವನನ್ನು ನೋಡಿ ಮಜೀದಾಕನಿಗೇ ಹೆದರಿಕೆಯಾಯಿತು. ಸೇಸಮ್ಮ ಬುತ್ತಿ ತಂದಳು, ಯಾರ ಗಾಡಿ ಎಂದು ಗೊತ್ತಾಗಿ ಪಾತ್ರೆ ಬಾಗಿಲಲ್ಲೇ ಇಟ್ಟು ಹೋದಳು. ಮೂತಿಪಟ್ಟಿಯನ್ನು ಮಾತ್ರ ವೆಂಕಪ್ಪ ಕೂರಿಸಲಿಲ್ಲ. ಬಟ್ಟೆಯಲ್ಲಿ ಸುತ್ತಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡ.

ಮದುವೆಗೆ ಇನ್ನೇನು ಬಂತು ಎನ್ನುವಾಗ ಚಂದ್ರರಾಜ ಗಾಡಿ ಒಯ್ಯಲು ಬಂದ. ಹೆಮ್ಮೆ ತೋರಿಸಲು ಬೀಗ ಮುನಿರಾಜರನ್ನೂ ಕರೆತಂದಿದ್ದ. ಅವರು ತೂಕದ ಮನುಷ್ಯ, ಮಾತು ಕಡಿಮೆ. ವ್ಯಾನು ನೋಡಿ ಚಂದ್ರರಾಜನ ಮುಖ ಅರಳಿತು.

"ಪಟ್ಟಿ ಯಾರು ಹೊಡೆದದ್ದು ಮಜೀದ್? ಕೈಗೆ ಚಿನ್ನದ ಬಳೆ ಹಾಕಬೇಕು!"

"ನಾನು ಧಣಿ," ಎಂದು ವೆಂಕಪ್ಪ ಗಾಡಿಯ ಹಿಂದಿನಿಂದ ಬಂದ.

ಚಂದ್ರರಾಜನ ನಗು ಹಾಗೇ ಒಣಗಿತು. ಅಯ್ಯೋ, ಆ ಮುಖ! ನನಗೆ ಹೊಟ್ಟೆ ತಂಪಾಯಿತು, ಸುಳ್ಳು ಯಾಕೆ ಹೇಳಲಿ?

"ಮುಂದಿನ ತುಂಡು ಒಂದು ಬಾಕಿ ಉಂಟು," ವೆಂಕಪ್ಪ ಹೇಳಿದ. "ಅದು ನನ್ನ ಹತ್ತಿರ ಉಂಟು. ನಿಮ್ಮ ಹತ್ತಿರ ನನ್ನದೊಂದು ಮಾತು ಬಾಕಿ ಉಂಟು."

"ಅದೆಲ್ಲ ಆಮೇಲೆ ಮಾತಾಡುವ. ನೆಂಟರ ಎದುರು ಯಾಕೆ?"

"ಅವತ್ತು ಊರಿನ ಎದುರು ಹೇಳಿದಿರಲ್ಲ?"

ಚಂದ್ರರಾಜ ಡ್ರೈವರಿಗೆ ಗಾಡಿ ತೆಗೆ ಎಂದ. ವೆಂಕಪ್ಪ ಸ್ಕ್ರೂಡ್ರೈವರ್ ತೆಗೆದು ಬದಿಯ ಪಟ್ಟಿಯ ಮೊದಲ ಸ್ಕ್ರೂವಿಗೆ ಇಟ್ಟ. ಒಂದು ಸ್ಕ್ರೂ ಹೊರಗೆ ಬಂತು. ಇನ್ನೊಂದು ಬಂತು. ಪಟ್ಟಿ ಸಡಿಲವಾಗಿ ನನ್ನ ಹಸಿರಿನ ಮೇಲೆ ಜೋತಾಡಿತು. "ಗೀರು ಬಿದ್ದೀತು ಮಾರಾಯ!" ಎಂದು ನಾನು ಓಡಿಹೋಗಿ ಪಟ್ಟಿ ಹಿಡಿದುಕೊಂಡೆ. ಇಬ್ಬರ ಹಗೆಯ ನಡುವೆ ಪಟ್ಟಿ ಹಿಡಿದು ನಿಂತ ಮೂರ್ಖ ನಾನೊಬ್ಬನೇ ಇರಬೇಕು.

ಮುನಿರಾಜರು ಮೊದಲ ಸಲ ಮಾತಾಡಿದರು. "ಏನು ಮಾತು ಅದು?"

"ನಾನು ಕುಡಿದು ಗಾಡಿ ಬಿಟ್ಟೆ ಅಂತ ಇವರು ಠಾಣೆಯಲ್ಲಿ ಹೇಳಿದ ಮಾತು," ವೆಂಕಪ್ಪ ಅವರ ಕಡೆ ತಿರುಗಿದ. "ಗಾಡಿ ಬಿಟ್ಟದ್ದು ಇವರು. ಅದನ್ನು ನಾನೇ ಹೊತ್ತುಕೊಂಡೆ, ಅದು ಹೋಗಲಿ. ಕುಡಿದದ್ದು ಮಾತ್ರ ನನಗೆ ಬೇಡ." ಮತ್ತೆ ಚಂದ್ರರಾಜನತ್ತ ನೋಡಿ ಹೇಳಿದ: "ಧಣಿ, ನೀವು ಹೇಳಿದ್ದು ಸತ್ಯ ಆದರೆ ಮಂಜುನಾಥ ಸ್ವಾಮಿಯ ಮೇಲೆ ಆಣೆ ಇಟ್ಟು ಈಗ ಹೇಳಿ. ಮೂತಿಪಟ್ಟಿ ಕೂರಿಸಿ, ನಿಮ್ಮ ಕಾಲು ಹಿಡಿದು, ಊರು ಬಿಟ್ಟು ಹೋಗ್ತೇನೆ."

ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೋರ್ಟಿನಲ್ಲಿ ಸುಳ್ಳು ಹೇಳಿ ದಕ್ಕಿಸಿಕೊಂಡವರು ಬೇಕಾದಷ್ಟು ಮಂದಿ. ಧರ್ಮಸ್ಥಳದ ಆಣೆ ಹಾಗಲ್ಲ. ಸುಳ್ಳು ಆಣೆ ಇಟ್ಟರೆ ಅದು ಮಕ್ಕಳಿಗೆ ತಟ್ಟುತ್ತದೆ ಎಂದು ಪ್ರತಿಯೊಬ್ಬನೂ ನಂಬಿದವನೇ. ಅದೂ ಮಗಳ ಮದುವೆಯ ಬಾಗಿಲಲ್ಲಿ! ವೆಂಕಪ್ಪ ಇಷ್ಟು ವರ್ಷ ಕಾದದ್ದು ವ್ಯಾನಿಗಲ್ಲ, ಇಂಥದೊಂದು ದಿನಕ್ಕೆ ಎಂದು ನನಗೆ ಆಗ ಹೊಳೆಯಿತು.

ಮುನಿರಾಜರು ಚಂದ್ರರಾಜನತ್ತ ತಿರುಗಿದರು. "ಆಣೆ ಇಡಿ, ಸತ್ಯ ಆದರೆ ಏನು ಹೆದರಿಕೆ?" ಎಂದರು.

ಚಂದ್ರರಾಜ ತುಳುವಿನಲ್ಲಿ, ನೆಲ ನೋಡಿಕೊಂಡು, ಆವತ್ತು ಏನೋ ಗಡಿಬಿಡಿಯಲ್ಲಿ ಬಾಯಿಗೆ ಬಂತು, ಅವನು ಕುಡಿದಿರಲಿಲ್ಲ ಎಂದು ಗೊಣಗಿದ.

"ಕನ್ನಡದಲ್ಲಿ ಹೇಳಿ," ಎಂದ ವೆಂಕಪ್ಪ. "ಆವತ್ತು ಕನ್ನಡದಲ್ಲಿ ಹೇಳಿದ್ದು. ಗಟ್ಟಿಯಾಗಿ."

ಪಕ್ಕದ ಅಂಗಡಿಯವರು, ಬಸ್ಸಿಗೆ ಕಾಯುವವರು, ಎಲ್ಲ ಬಾಗಿಲಲ್ಲಿ ಸೇರಿದ್ದರು. ಚಂದ್ರರಾಜ ತಲೆ ಎತ್ತಿದ.

"ಈತನು... ಮದ್ಯಪಾನ ಮಾಡಿರಲಿಲ್ಲ. ವಾಹನವನ್ನು ಓಡಿಸಿದ್ದು ನಾನು."

ಸಾಕಲ್ಲ ಎಂದು ನೀವು ಹೇಳಬಹುದು. ಮಜೀದಾಕನೂ ಹಾಗೆಯೇ ಹೇಳಿದರು: "ಸಾಕು ವೆಂಕಪ್ಪ, ಕೂರಿಸು." ವೆಂಕಪ್ಪ ಜೇಬಿನಿಂದ ಮೂತಿಪಟ್ಟಿ ತೆಗೆದ, ಬಟ್ಟೆ ಬಿಡಿಸಿದ, ಆದರೆ ಕೂರಿಸಲಿಲ್ಲ.

"ಬಾಯಿ ಮಾತು ಗಾಳಿಗೆ ಹೋಗ್ತದೆ. ದಿಬ್ಬಣದ ದಿನ ಗಾಡಿ ನಾನು ಬಿಡ್ತೇನೆ. ಲೈಸೆನ್ಸು ಉಂಟು, ತಪ್ಪದೆ ರಿನ್ಯೂ ಮಾಡಿಸಿದ್ದೇನೆ. ನಿಮ್ಮ ಮಗಳು ಹಿಂದೆ ಕೂರ್ಬೇಕು, ನೀವು ನನ್ನ ಪಕ್ಕ."

ಚಂದ್ರರಾಜ ಬೀಗರ ಮುಖ ನೋಡಿದ. ಮುನಿರಾಜರು, "ನನ್ನ ಸೊಸೆ ಆ ಗಾಡಿಯಲ್ಲೇ ಬರಲಿ. ಇವನೇ ತರಲಿ," ಎಂದು ಹೊರಗೆ ನಡೆದರು. ವೆಂಕಪ್ಪ ಬಿಚ್ಚಿದ ಸ್ಕ್ರೂಗಳನ್ನು ಹಾಕಿದ, ಮೂತಿಪಟ್ಟಿ ಇಟ್ಟು ಬಿಗಿದ. ನನ್ನ ಬಣ್ಣಕ್ಕೆ ಒಂದು ಗೀರೂ ಬಿದ್ದಿರಲಿಲ್ಲ.

ಮದುವೆಯ ಬೆಳಿಗ್ಗೆ ಮಜೀದಾಕ ನನ್ನನ್ನೂ ಮೂಡುಬಿದಿರೆಗೆ ಕಳಿಸಿದರು, ದಾರಿಯಲ್ಲಿ ಬಣ್ಣಕ್ಕೆ ಏನಾದರೂ ಆದರೆ ನೋಡಿಕೊಳ್ಳಲು. ವ್ಯಾನು ಅಂಗಳದಲ್ಲಿ ಝಗಝಗ ಎನ್ನುತ್ತಿತ್ತು. ಮದುಮಗಳು ರಾಜಮತಿ ಹೆಂಗಸರ ಜೊತೆ ಹಿಂದೆ ಕೂತಳು, ನಾನು ಮೂಲೆಯಲ್ಲಿ ತೂರಿಕೊಂಡೆ. ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ವೆಂಕಪ್ಪ ಸ್ಟೇರಿಂಗಿನ ಎದುರು. ಪಕ್ಕದಲ್ಲಿ ಜರಿ ಪೇಟ ಸುತ್ತಿದ ಚಂದ್ರರಾಜ. ನೆಂಟರು, ನೆರೆಯವರು ಎಲ್ಲ ಸುತ್ತ ನಿಂತಿದ್ದರು. ವಾದ್ಯದವರು ಶುರು ಮಾಡಿದರು. ವೆಂಕಪ್ಪ ಕೈಯೆತ್ತಿ ವಾದ್ಯ ನಿಲ್ಲಿಸಿದ.

"ಧಣಿ, ಇತ್ತ ಬನ್ನಿ. ನನ್ನ ಬಾಯಿ ಮೂಸಿ."

"ಏನು?"

"ಮೂಸಿ ನೋಡಿ. ಆಮೇಲೆ ಹೊರಡುವ."

"ವೆಂಕಪ್ಪ, ಮಗಳು ಹಿಂದೆ ಇದ್ದಾಳೆ..."

"ನನ್ನ ಹೆಂಡತಿ ಇಷ್ಟು ವರ್ಷ ದಿನಾ ಸಂಜೆ ಮೂಸಿದ್ದಾಳೆ," ವೆಂಕಪ್ಪ ಹೇಳಿದ. ಸ್ವರ ಏರಲಿಲ್ಲ. "ಆ ಷರತ್ತಿನ ಮೇಲೆಯೇ ಅವಳು ತಿರುಗಿ ಬಂದದ್ದು. ಮಕ್ಕಳ ಎದುರು, ಬಾಗಿಲಲ್ಲೇ ನಿಲ್ಲಿಸಿ ಮೂಸಿದ್ದಾಳೆ. ನೀವು ಒಂದು ಸಲ ಮೂಸಿ."

ರಾಜಮತಿ ಮುಂದೆ ಬಾಗಿ ಅಪ್ಪನ ಮುಖ ನೋಡಿದಳು. ಚಂದ್ರರಾಜ ಪೇಟ ತೆಗೆದು ಮಡಿಲಲ್ಲಿ ಇಟ್ಟುಕೊಂಡ, ಬಾಗಿದ, ಮಾಜಿ ಡ್ರೈವರನ ಬಾಯಿಯ ಹತ್ತಿರ ಮೂಗು ತಂದು ಮೂಸಿದ. ವೆಂಕಪ್ಪ ಅವನ ಮುಖಕ್ಕೆ ಸರಿಯಾಗಿ ಉಸಿರು ಬಿಟ್ಟು, ಕೀಲಿ ತಿರುಗಿಸಿದ.