ಸೀಸೆಯ ಮೇಲಿನ ಕೊನೆಯ ಸಾಲು

ನನ್ನ ಬೀರುವಿನಲ್ಲಿ, ಪದವಿ ಪ್ರಮಾಣಪತ್ರದ ಪಕ್ಕದಲ್ಲೇ, ಹೆಬ್ಬೆರಳಿನಷ್ಟು ಎತ್ತರದ ಒಂದು ಕಂದು ಸೀಸೆ ಇದೆ. ಒಳಗೆ ಏನೂ ಇಲ್ಲ. ಬಿರಡೆ ತೆಗೆದರೆ ಇಷ್ಟು ವರ್ಷಗಳ ಮೇಲೂ ಲೋಬಾನದ ವಾಸನೆ ಸಣ್ಣಗೆ ಬರುತ್ತದೆ, ಅಥವಾ ಬಂದಂತೆ ನನ್ನ ಮೂಗಿಗೆ ಅನ್ನಿಸುತ್ತದೆ. ಮನೆಗೆ ಬಂದವರಿಗೆ ಪ್ರಮಾಣಪತ್ರವನ್ನು ಮಾತ್ರ ತೋರಿಸುತ್ತೇನೆ. ನೀವು ಓದಲು ಕುಳಿತ ಸ್ನೇಹಿತರು, ನಿಮಗೆ ಸೀಸೆಯನ್ನೂ ತೋರಿಸಬೇಕು.

ಅರವತ್ತರ ದಶಕದ ಮೊದಲ ವರ್ಷಗಳು. ಹರಿಹರದ ನಮ್ಮ ಓಣಿಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಅಪ್ಪ ಅಕ್ಕಿ ಗಿರಣಿಯಲ್ಲಿ ಮೂಟೆ ಹೊತ್ತವರು, ಅಣ್ಣ ಮಗ್ಗದ ಮುಂದೆ ಕುಳಿತವನು. ನಾನು ಬೆಳಗಿನ ರೈಲಿಗೆ ದಾವಣಗೆರೆಗೆ ಹೋಗಿ ಬಿ.ಎಸ್ಸಿ. ಓದುತ್ತಿದ್ದೆ, ಆ ರೈಲಿಗೆ ಸರಿಯಾಗಿ ಬಿಸಿ ರೊಟ್ಟಿ ತಟ್ಟಿ ಬುತ್ತಿ ಕಟ್ಟುತ್ತಿದ್ದವರು ಅತ್ತಿಗೆ. ಓಣಿಗೆ ಬಂದ ಕಾಗದ, ಸರ್ಕಾರದ ನೋಟೀಸು, ಔಷಧಿ ಸೀಸೆ, ಎಲ್ಲವೂ ಮೊದಲು ನನ್ನ ಕೈಗೇ ಬರುತ್ತಿದ್ದವು. ಕೇಳುವವರಿಗೆ ತಿಳಿಯದಿದ್ದರೂ ನಾನು ಗಂಟಲು ಸರಿಮಾಡಿಕೊಂಡು ಮೊದಲು ಇಂಗ್ಲಿಷಿನಲ್ಲಿ ಓದಿ, ಆಮೇಲೆ ಕನ್ನಡದಲ್ಲಿ ಹೇಳುತ್ತಿದ್ದೆ. ಜಂಬವಿತ್ತು, ಅದನ್ನು ಮುಚ್ಚಿಡುವುದಿಲ್ಲ. ಕಷ್ಟಪಟ್ಟು ಕಲಿತ ಅಕ್ಷರಕ್ಕೆ ಅಷ್ಟು ಸಂಭ್ರಮ ಸಲ್ಲುತ್ತದೆ ಎಂದು ಈಗಲೂ ನಂಬಿದ್ದೇನೆ.

ಕೊನೆಯ ವರ್ಷದ ಪರೀಕ್ಷೆ ಹತ್ತಿರವಾದಾಗ, ಲೇಖನಿ ಹಿಡಿಯುವ ಬೆರಳಿನಲ್ಲೇ ನನಗೊಂದು ನರುಲಿ ಎದ್ದಿತು. ಕುದುರೆಯ ಕೂದಲು ಬಿಗಿದು ಕಟ್ಟಿದ್ದಾಯಿತು, ಸುಣ್ಣ ಸೋಡಾ ಹಚ್ಚಿ ಸುಟ್ಟುಕೊಂಡದ್ದಾಯಿತು. ಕೊನೆಗೆ ದಾವಣಗೆರೆಯ ಪಿ.ಜೆ. ಬಡಾವಣೆಯ ಒಬ್ಬ ಡಾಕ್ಟರರ ಬಳಿ ಹೋದೆ. ಅವರು ಈ ಕಂದು ಸೀಸೆ ಕೊಟ್ಟರು. "ಹಿಮಾಲಯದ ಕಡೆ ಬೆಳೆಯೋ ಗಿಡದ ಬೇರಿನ ಅಂಟು ಕಣಪ್ಪ ಇದು, ಲೋಬಾನದಾಗೆ ಕಲಸಿದ್ದು. ಬೆಂಕಿಕಡ್ಡಿ ತುದೀಲಿ ನರುಲಿ ಮ್ಯಾಲೆ ಮಾತ್ರ ಮುಟ್ಟಿಸು. ಒಳ್ಳೆ ಚರ್ಮ ಸುಡತೈತೆ. ಹೊಟ್ಟೆಗೆ ಹೋದ್ರೆ ಜೀವಕ್ಕೇ ಕುತ್ತು." ಉಳಿದದ್ದೆಲ್ಲ ಸೀಸೆಗೆ ಅಂಟಿಸಿದ ಚೀಟಿಯಲ್ಲಿತ್ತು. ಕೆಲವು ವಾರಗಳಲ್ಲಿ ನರುಲಿ ಕಪ್ಪಾಗಿ ಉದುರಿತು.

ಅತ್ತಿಗೆಯ ಎರಡೂ ಕೈಗಳ ಗೆಣ್ಣುಗಳ ಮೇಲೆ ಏಳು ನರುಲಿಗಳಿದ್ದವು. ಮದುವೆಯಾಗಿ ಆರು ವರ್ಷವಾದರೂ ಅವರಿಗೆ ಮಕ್ಕಳಾಗಿರಲಿಲ್ಲ. ನೆಂಟರ ಮನೆಯ ತೊಟ್ಟಿಲ ಕಾರ್ಯದಲ್ಲಿ ಕೂಸನ್ನು ಕೈಯಿಂದ ಕೈಗೆ ದಾಟಿಸುವಾಗ ಯಾರೋ ಒಬ್ಬಾಕೆ, "ಆಕಿ ಕೈಗೆ ಕೊಡಬ್ಯಾಡ್ರಿ, ಕೂಸಿಗೆ ನರುಲಿ ಹತ್ತೀತು" ಎಂದಿದ್ದಳು. ಅತ್ತಿಗೆ ಮನೆಗೆ ಬಂದವರೇ ನನ್ನ ಸೀಸೆ ಕೇಳಿದರು. ನಮ್ಮಂಥ ಮನೆಗಳಲ್ಲಿ ಒಬ್ಬರಿಗೆ ತಂದ ಔಷಧಿ ಎಲ್ಲರದೂ ಹೌದು, ಉಪ್ಪಿನಕಾಯಿ ಭರಣಿಯ ಹಾಗೆ. ಡಾಕ್ಟರರಿಗೆ ಕೈ ತೋರಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ನಾನು ಎಂದಿನಂತೆ ಗಂಟಲು ಸರಿಮಾಡಿಕೊಂಡು ಓದಿದೆ. ನರುಲಿಗೆ ಮಾತ್ರ ಹಚ್ಚುವುದು, ಹಚ್ಚಿದ ನಾಲ್ಕು ತಾಸಿಗೆ ಸೋಪಿನಿಂದ ತೊಳೆಯುವುದು, ಮುಖಕ್ಕೆ ಬೇಡ, ಗಾಯಕ್ಕೆ ಬೇಡ. ಐದನೆಯ ಸಾಲಿಗೆ ಬಂದು ನಿಂತೆ. ಗರ್ಭಿಣಿಯರು ಬಳಸಕೂಡದು. ಅಣ್ಣ ಎದುರಿಗೇ ಕುಳಿತಿದ್ದ. ಮೈದುನನಾದವನು ಅತ್ತಿಗೆಯ ಮುಂದೆ ಆ ಪದ ಎತ್ತುವುದು ನಮ್ಮಲ್ಲಿ ಇರಲಿಲ್ಲ, ಅದರ ಮೇಲೆ ಆರು ವರ್ಷ ಕಾದ ಜೀವದ ಮುಂದೆ ಆಡಿದರೆ ಚುಚ್ಚಿದಂತಾದೀತು ಎಂಬ ಅಳುಕು.

"ಅಷ್ಟೇನಾ?" ಎಂದರು ಅತ್ತಿಗೆ.

"ಅಷ್ಟೇರಿ" ಎಂದೆ.

ಒಂದು ತಿಂಗಳ ಮೇಲೆ, ಒಂದು ಬೆಳಿಗ್ಗೆ ಹಿತ್ತಲಿನಲ್ಲಿ ಮುಖ ತೊಳೆಯುತ್ತಿದ್ದೆ. ಗೋಡೆಯಾಚೆ ಅತ್ತಿಗೆಯ ಜೊತೆ ಪಾತ್ರೆಗೆ ಕಲಾಯಿ ಹಾಕುವ ಸಾಹೇಬರ ಹೆಂಡತಿ ಫಾತಿಮಾಬಿ ಮಾತಾಡುತ್ತಿದ್ದರು. "ಮೂರು ತಿಂಗಳು ತುಂಬೋತನಕ ಗಂಡಸ್ರ ಕಿವಿಗೆ ಹಾಕಬ್ಯಾಡ ತಾಯಿ. ನಿನ್ನ ಬಿ.ಎಸ್ಸಿ. ಮೈದುನಂಗಂತೂ ಬ್ಯಾಡೇ ಬ್ಯಾಡ. ಓಣಿಗೆಲ್ಲ ಇಂಗ್ಲೀಷ್‌ನಾಗೆ ಓದಿಬಿಡ್ತಾನೆ." ಇಬ್ಬರೂ ನಕ್ಕರು. ಅತ್ತಿಗೆ ಹಾಗೆ ನಕ್ಕದ್ದನ್ನು ನಾನು ಅಲ್ಲಿಯತನಕ ಕೇಳಿರಲಿಲ್ಲ.

ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟು ಗೋಡೆ ಸುತ್ತಿ ಅವರ ಮುಂದೆ ಹೋಗಿ ನಿಂತೆ. "ಅತ್ತಿಗೆ, ಆ ಚೀಟಿಯಾಗೆ ಇನ್ನೊಂದು ಸಾಲು ಐತ್ರಿ. ಬಸುರಿದ್ದೋರು ಹಚ್ಚಬಾರದು ಅಂತ. ನಾನು ಓದ್ಲಿಲ್ಲ." ಅತ್ತಿಗೆ ಬಾನಿಯ ಹತ್ತಿರ ಹೋಗಿ ಸೋಪು ಹಚ್ಚಿ, ಗೆಣ್ಣುಗಳು ಕೆಂಪಾಗುವ ತನಕ ಕೈ ತೊಳೆಯುತ್ತಲೇ ಇದ್ದರು.

ಅಂದಿನ ಬೆಳಗಿನ ರೈಲಿನಲ್ಲೇ, ಅಣ್ಣನನ್ನೂ ಕರೆದುಕೊಂಡು, ಮೂವರೂ ಡಾಕ್ಟರರ ಬಳಿ ಹೋದೆವು. "ಎಷ್ಟು ಸಲ ಹಚ್ಚಿದೆ ತಾಯಿ? ತೊಳದಿದ್ದೇನು?" ಎಂದು ಅವರು ಕೇಳಿದರು. "ನಾಕು ಸಲರಿ. ಈರಣ್ಣ ಓದಿದಂಗೇ ತೊಳದೀನಿ" ಎಂದರು ಅತ್ತಿಗೆ, ನನ್ನತ್ತ ಕೈ ಮಾಡಿ. ಹಚ್ಚಿದ್ದು ಸ್ವಲ್ಪ, ಒಳಗೆ ಇಳಿದದ್ದು ಇನ್ನೂ ಸ್ವಲ್ಪವಿರಬೇಕು, ಆದರೆ ಖಾತ್ರಿ ಹೇಳಲಾರೆ, ಕಾಯಬೇಕು ಎಂದರು ಡಾಕ್ಟರರು. ಆಮೇಲೆ ನನ್ನ ಕಡೆ ತಿರುಗಿದರು. "ಬೆಳೆಯೋದನ್ನ ತಡೆಯೋದು ಈ ಮದ್ದಿನ ಗುಣ. ನರುಲಿ ಯಾವುದು, ಕೂಸು ಯಾವುದು ಅಂತ ಅದಕ್ಕೇನು ಗೊತ್ತು? ಅದಕ್ಕೇ ಚೀಟಿ ಅಂಟಿಸೋದು." ಔಷಧಿಯನ್ನು ಚೆಲ್ಲಿಸಿ, ಬರಿದಾದ ಸೀಸೆಯನ್ನು ನನ್ನ ಕೈಗೇ ಕೊಟ್ಟರು.

ಮುಂದಿನ ತಿಂಗಳುಗಳಲ್ಲಿ ನಾನು ಪಾಸಾದೆ. ಓಣಿಯವರು ಹಾರ ಹಾಕಿದರು, ಅಪ್ಪ ಎಲ್ಲರಿಗೂ ಪೇಡ ಹಂಚಿದರು. ಹಾರದ ಕೆಳಗೆ ನನ್ನ ಕತ್ತು ಬಗ್ಗಿಯೇ ಇತ್ತು, ಅದನ್ನು ವಿನಯವೆಂದು ಹೊಗಳಿದರು. ಅತ್ತಿಗೆ ಒಂದು ದಿನವೂ ಆಡಿ ತೋರಿಸಲಿಲ್ಲ. ಬೆಳಗಾದರೆ ಅದೇ ಬಿಸಿ ರೊಟ್ಟಿ. ವಿಷಕ್ಕೂ ಮದ್ದಿಗೂ ನಡುವೆ ಇರುವ ಗೆರೆ ಎಷ್ಟು ತೆಳ್ಳಗಿರುತ್ತದೆಂದು ರಸಾಯನಶಾಸ್ತ್ರದ ಪುಸ್ತಕ ನನಗೆ ಕಲಿಸಿತ್ತು. ಆ ಗೆರೆಯ ಮೇಲೆ ಒಬ್ಬ ಓದಿದವನ ನಾಚಿಕೆಯೂ ಕುಳಿತಿರಬಹುದೆಂದು ಕಲಿಸಿದ್ದು ಆ ರೊಟ್ಟಿ.

ಹೆಣ್ಣು ಕೂಸು ಹುಟ್ಟಿತು. ಹನ್ನೆರಡನೆಯ ದಿನ ಅತ್ತಿಗೆ ಅದನ್ನು ನನ್ನ ತೊಡೆಯ ಮೇಲೆ ಮಲಗಿಸಿದಾಗ, ಬಟ್ಟೆ ಸರಿಸುವ ನೆಪದಲ್ಲಿ ಕೈಬೆರಳು ಎಣಿಸಿದೆ, ಕಾಲ್ಬೆರಳು ಎಣಿಸಿದೆ, ಮತ್ತೆ ಮೊದಲಿನಿಂದ ಶುರು ಮಾಡಿದೆ.

"ಇಪ್ಪತ್ತೂ ಅದಾವೆ ಈರಣ್ಣ. ನಾನೂ ಎಣಿಸೀನಿ" ಎಂದರು ಅತ್ತಿಗೆ.

ಕೂಸನ್ನು ತಿರುಗಿ ಎತ್ತಿಕೊಂಡ ಆ ಕೈಗಳ ಮೇಲೆ ಒಂದೂ ನರುಲಿ ಇರಲಿಲ್ಲ. ಮದ್ದು ಬಿಟ್ಟ ಮೇಲೆ, ಆ ಕಾಯುವಿಕೆಯಲ್ಲಿ ಯಾವಾಗಲೋ ತಾವಾಗಿ ಉದುರಿಹೋಗಿದ್ದವು. ಯಾರೂ ನೋಡಿರಲಿಲ್ಲ.

ಸೀಸೆಯ ಚೀಟಿ ಈಗ ಹಳದಿಯಾಗಿ, ಮೊದಲ ನಾಲ್ಕು ಸಾಲು ಅಳಿಸಿಹೋಗಿವೆ. ಐದನೆಯದನ್ನು ಓದಲು ನನಗೆ ಕನ್ನಡಕ ಬೇಡ. ಇಂದಿಗೂ ಯಾರಾದರೂ ಔಷಧಿ ತಂದು ಓದಿ ಹೇಳೆಂದರೆ ಎದುರಿಗೆ ಯಾರೇ ಕುಳಿತಿರಲಿ ಕೊನೆಯತನಕ ಓದುತ್ತೇನೆ. "ಅಷ್ಟೇನಾ?" ಎಂದು ಅವರು ಕೇಳಿದಾಗ, ಸೀಸೆಯನ್ನು ಇನ್ನೊಂದು ಸುತ್ತು ತಿರುಗಿಸಿ ನೋಡಿಯೇ ಉತ್ತರ ಕೊಡುತ್ತೇನೆ.