ಖಾಲಿ ಹೊರಟ ಅಂಬಾಸಿಡರ್

ಇವತ್ತು ಹುಮನಾಬಾದಿನಲ್ಲಿ ಹಳೆಯ ಅಂಬಾಸಿಡರ್‌ಗಳ ಮಾಲೀಕರೆಲ್ಲ ಸೇರಿ ತಮ್ಮ ಗಾಡಿಯ ಹುಟ್ಟುಹಬ್ಬ ಆಚರಿಸಿದರು. ಅವ್ವನನ್ನೂ ಕರೆದುಕೊಂಡು ಹೋಗಿದ್ದೆ. ಬಿಸಿಲಿಗೆ ಕಾದ ರೆಕ್ಸಿನ್ ಸೀಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಚಿಕ್ಕಂದಿನ ನಮ್ಮೂರು ಮುಡಬಿಯಲ್ಲಿದ್ದೆ.

ನಮ್ಮೂರಿನಿಂದ ಬಸವಕಲ್ಯಾಣಕ್ಕೆ ಕಾಶಿನಾಥ ಕಾಕಾನ ಅಂಬಾಸಿಡರ್ ಓಡುತ್ತಿತ್ತು. ಸೀಟೆಲ್ಲ ತುಂಬಿ, ತನ್ನ ಬಲಕ್ಕೆ ಬಾಗಿಲ ಸಂದಿಯಲ್ಲೂ ಒಬ್ಬ ಇರುಕಿಕೊಂಡು ಕೂರುವವರೆಗೆ ಅವನು ಚಾವಿ ತಿರುಗಿಸುತ್ತಿರಲಿಲ್ಲ. ಯಾರು ಎಷ್ಟೇ ಬೈದರೂ ಬೀಡಿ ಸೇದುತ್ತ, "ಭರ್ತಿ ಆಗ್ಲಿ, ಬಿಡ್ತೀನಿ" ಅನ್ನುತ್ತಿದ್ದ.

ಒಂದು ಮಧ್ಯಾಹ್ನ ಅವ್ವನಿಗೆ ಹೆರಿಗೆ ನೋವು ಶುರುವಾಯಿತು. ಅಪ್ಪ ಅವಳನ್ನು ಹಿಡಿದುಕೊಂಡು ಬಂದಾಗ ಗಾಡಿ ಅರ್ಧವೂ ತುಂಬಿರಲಿಲ್ಲ. ಕಾಕಾ ಬೀಡಿ ಎಸೆದ.

"ಎಲ್ಲಾರೂ ಇಳೀರಿ. ಗಾಡಿ ಭರ್ತಿ ಆಗ್ಯಾದ."

ಅಷ್ಟು ಹೊತ್ತಿನಿಂದ ಕಾದು ಕೂತಿದ್ದವರು ಒಬ್ಬೊಬ್ಬರಾಗಿ ಇಳಿದರು. ಒಬ್ಬ ಅಜ್ಜಿ ಅವ್ವನ ತಲೆಯಡಿಗೆ ತನ್ನ ಗಂಟನ್ನೇ ಇಟ್ಟಳು. ಹಿಂದಿನ ಸೀಟಿನ ತುಂಬ ಅವ್ವನೊಬ್ಬಳೇ ಮಲಗಿದಳು. ತಂಗಿ ಕಲ್ಯಾಣದ ದವಾಖಾನೆಯಲ್ಲಿ ಕ್ಷೇಮವಾಗಿ ಹುಟ್ಟಿದಳು.

ಇವತ್ತು ಮಾಲೀಕರೊಬ್ಬರು ತಮ್ಮ ಕಾರಿನ ಹಿಂಬಾಗಿಲು ತೆರೆದು, "ಆರಾಮ ಕುಂದರ್ರಿ ಅಮ್ಮಾ, ಖಾಲಿನೇ ಅದ" ಅಂದರು.

ಅವ್ವ ಹತ್ತಿದವಳೇ ಆ ಕಡೆಯ ಮೂಲೆಗೆ ಸರಿದು, ಉಳಿದವರಿಗೆ ಜಾಗ ಬಿಟ್ಟು ಕೂತಳು.