ಬಾಗಲಾ ಎಲ್ಲಿಟ್ಟೀರಿ?

ಮೊನ್ನೆ ಸುರಪುರದಲ್ಲಿ ಅಕ್ಕನ ಹೊಸ ಮನೆಯ ಪ್ರವೇಶವಿತ್ತು. ಗೋಡೆಯ ಬಣ್ಣದ ವಾಸನೆ ಇನ್ನೂ ಆರಿರಲಿಲ್ಲ. ಅಕ್ಕ ನನ್ನ ಕೈ ಹಿಡಿದು ಹಿಂದಿನ ಕೋಣೆಗೆ ಕರೆದೊಯ್ದು, "ಇದು ನಮ್ಮ ಮಾವರದು ನೋಡು. ಯಾರ ಗದ್ಲಾನೂ ಇಲ್ಲ" ಎಂದಳು. ಅವಳ ಮಾವ ಮಂಚದ ಮೇಲೆ ಕೂತು ಗೋಡೆ ನೋಡುತ್ತಿದ್ದರು. ನನಗೆ ಮೈ ಉರಿಯಿತು. "ಈ ಮಂಚ ಪಡಸಾಲಿಗೆ ಹಾಕೇ" ಎಂದೆ. "ಹೋಳಿಗಿ ಉಣ್ಣಾಕ ಬಂದೀಯೋ, ಮನಿ ಕೆಡಸಾಕ ಬಂದೀಯೋ?" ಎಂದು ಅಕ್ಕ ಮುಖ ಊದಿಸಿಕೊಂಡಳು. ನೀವೂ ಅವಳ ಪಕ್ಷ ವಹಿಸುವ ಮೊದಲು ಸಗರದ ನಮ್ಮ ಮನೆಯಲ್ಲಿ ಆದದ್ದನ್ನು ಕೇಳಿ.

ನಮ್ಮ ಹಳೆಯ ಮನೆಯ ಬಾಗಿಲು ನೇರ ಓಣಿಗೆ ತೆರೆಯುತ್ತಿತ್ತು. ಬಾಗಿಲ ಪಕ್ಕದ ಕಟ್ಟೆಯ ಮೇಲೆ ನಮ್ಮ ಅತ್ತೆ ಭಾಗಮ್ಮ ಬೆಳಗಿನಿಂದ ಮೊರ ಹಿಡಿದು ಕೂರುವರು. ತೊಗರಿ ಹಸನು ಮಾಡುವುದು ನೆಪ. ನಿಜವಾದ ಕೆಲಸ ಓಣಿಯ ವಿಚಾರಣೆ. ಯಾರ ಎಮ್ಮೆ ಈಯಿತು, ಯಾರ ಮನೆಗೆ ಬೀಗರು ಬಂದರು, ಯಾರ ಸೊಸೆ ಸಿಟ್ಟಿನಿಂದ ತವರಿಗೆ ಹೋದಳು, ಅವರಿಗೆ ತಿಳಿಯದ್ದಿಲ್ಲ. ನನ್ನ ರೊಟ್ಟಿ ದಪ್ಪ ಎಂಬ ಸುದ್ದಿ ಊರೆಲ್ಲ ಹಬ್ಬಿದ್ದೂ ಆ ಕಟ್ಟೆಯಿಂದಲೇ.

ಆ ಮನೆ ಕೆಡವಿ ನಮ್ಮ ಯಜಮಾನರು ಹೊಸದು ಕಟ್ಟಿಸಿದರು. ಆಳೆತ್ತರದ ಕಾಂಪೌಂಡು, ಕಬ್ಬಿಣದ ಗೇಟು, ಕನ್ನಡಿಯಂಥ ಟೈಲ್ಸು. "ಅವ್ವ ಭಾಳ ಕಷ್ಟ ಪಟ್ಟಾಳ, ಇನ್ನ ಆರಾಮ ಕುಂದರಲಿ" ಎಂದರು. ಎಂಥ ಆರಾಮ! ಎದ್ದರೆ "ಜಾರ್ತಿ, ಕುಂದ್ರು." ಮೊರ ಹಿಡಿದರೆ "ನಿನಗ್ಯಾಕ, ಬಿಡು." ಓಣಿಯ ಹೆಂಗಸರು ಗೇಟಿನವರೆಗೆ ಬಂದು, ಚಪ್ಪಲಿ ಎಲ್ಲಿ ಬಿಡಬೇಕೋ ತಿಳಿಯದೆ ತಿರುಗಿ ಹೋದರು.

ವರ್ಷ ತುಂಬುವುದರೊಳಗೆ ಅತ್ತೆ ಮರೆಯತೊಡಗಿದರು. ಉಂಡು ಕೈ ತೊಳೆದು, "ಊಟಕ್ಕ ಹಾಕಂಗಿಲ್ಲೇನು?" ಎನ್ನುವರು. ಹಳೆಯ ಬಾಗಿಲಿದ್ದ ನೇರಕ್ಕೆ ಈಗ ಕಾಂಪೌಂಡು ಗೋಡೆ. ಅಲ್ಲಿ ನಿಂತು ಎರಡೂ ಕೈಯಿಂದ ತಡಕುವರು. "ಬಾಗಲಾ ಎಲ್ಲಿಟ್ಟೀರಿ?" ನಾನು ಕರೆತಂದು ಗೇಟು ತೋರಿಸುವೆ. "ಇದು ಬಾಗಲಾ ಅಲ್ಲ, ಜೇಲು" ಎಂದು ಮತ್ತೆ ಗೋಡೆಗೆ ಹೋಗುವರು. ಇಡೀ ದಿನ ಇದೇ. ಒಲೆಯ ಮೇಲೆ ಅನ್ನ ಸೀಯುತ್ತಿತ್ತು, ಇತ್ತ ನನ್ನ ತಲೆ.

ಕಲಬುರಗಿಗೆ ಕರೆದೊಯ್ದೆವು. ಡಾಕ್ಟರಮ್ಮ, "ಇವತ್ತು ಯಾವ ವಾರ ಅಜ್ಜಿ?" ಎಂದು ಕೇಳಿದರೆ, "ಇಷ್ಟು ಓದೀದಿ, ವಾರ ಗೊತ್ತಿಲ್ಲೇನವ್ವಾ?" ಎಂದು ಅತ್ತೆ ಗದರಿದರು. ಡಾಕ್ಟರಮ್ಮ ನಕ್ಕು ಗುಳಿಗೆ ಬರೆದರು. "ಇದು ಪೂರ್ತಿ ಹೋಗುವ ಕಾಯಿಲೆಯಲ್ಲ. ಆದರೆ ಸುಮ್ಮನೆ ಕೂರಿಸಬೇಡಿ. ದಿನವೆಲ್ಲ ಯಾರ ಜೊತೆ ಮಾತಾಡ್ತಾರೆ?"

"ಟಿ.ವಿ. ಅದರಿ ಮೇಡಂ, ದೊಡ್ಡದು" ಎಂದರು ನಮ್ಮವರು. ನಾನು ಹಣೆ ಚಚ್ಚಿಕೊಂಡೆ.

ಒಂದು ಮಧ್ಯಾಹ್ನ ಗೇಟು ತೆರೆದಿತ್ತು, ಅತ್ತೆ ಇಲ್ಲ. ನಾನು ಬಾವಿ ಬಗ್ಗಿ ನೋಡಿದೆ. ನಮ್ಮವರು ಮೋಟಾರ್‌ಸೈಕಲ್ ಹತ್ತಿ ಶಹಾಪುರದ ದಾರಿ ಹಿಡಿದರು. ಕೊನೆಗೆ ಸಿಕ್ಕಿದ್ದು ನಮ್ಮ ಓಣಿಯ ತುದಿಗೇ, ಹಣಮವ್ವನ ಅಂಗಳದಲ್ಲಿ. ಹೆಂಗಸರು ಗುಂಪಾಗಿ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಅತ್ತೆಯ ಬೆರಳು ಯಾರಿಗೂ ಕಡಿಮೆಯಿರಲಿಲ್ಲ, ಬಾಯಂತೂ ಮೊದಲೇ ಕಡಿಮೆಯಲ್ಲ. "ತಿಂಥಣಿಗೆ ಕೊಟ್ಟಾಕಿ ಅಕಿ ಅಲ್ಲಬೇ, ಅಕಿ ತಂಗಿ" ಎಂದು ಯಾರನ್ನೋ ತಿದ್ದುತ್ತಿದ್ದರು.

"ಅತ್ತೀ, ನಮ್ಮ ಜೀವಾ ತಗೀತೀರೇನ್ರಿ!" ಎಂದು ಕೂಗಿದೆ.

ಅತ್ತೆ ಮುಖ ಎತ್ತಿ ನೋಡಿದರು. "ನೀ ಯಾರ ಮಗಳವ್ವಾ?"

ಊರ ಹೆಣ್ಣುಮಕ್ಕಳೆಲ್ಲ ನೆನಪಿದ್ದಾರೆ. ಇಷ್ಟು ವರ್ಷ ಕೂಡಿ ಬಾಳಿದ ನಾನಿಲ್ಲ. ಬೈಗುಳ ನುಂಗಿಕೊಂಡು, "ಕೊಂಕಲ್ ಸಂಗಣ್ಣನ ಮಗಳ್ರಿ" ಎಂದೆ.

"ಸಂಗಣ್ಣನ ಹಿರೇಮಗಳನ್ನ ಸುರಪುರಕ್ಕ ಕೊಟ್ಟಾರ. ಸಣ್ಣಾಕಿನ್ನ..." ಬೆರಳು ನಿಂತವು. "ಸಣ್ಣಾಕಿನ್ನ ನಾನೇ ತಂದೀನಲ್ಲ! ಹಂಗಾದ್ರ ನೀ ನಮ್ಮ ಸೊಸಿ!"

ಹೆಂಗಸರು ನಕ್ಕರು. ನಾನು ರಾಶಿಯ ಪಕ್ಕದಲ್ಲೇ ಕುಸಿದು ಕೂತೆ. ಕಣ್ಣೀರು ಮೆಣಸಿನ ಘಾಟಿಗೆ ಬಂತೆಂದು ಹೇಳಿದೆ.

ಸಂಜೆ ನಮ್ಮವರು ದೊಡ್ಡದೊಂದು ಬೀಗ ತಂದರು, ಗೇಟಿಗೆ ಜಡಿಯಲು. ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು.

"ಕೀಲಿ ಬ್ಯಾಡ. ಗೋಡಿ ಒಡಸ್ರಿ, ಮೊದಲ ಬಾಗಲಾ ಇದ್ದ ನೇರಕ್ಕ."

"ಹೊಸ ಗೋಡಿ! ನಿನಗೂ ತಲಿ ಕೆಟ್ಟದೇನು?"

"ಇದರಾಗ ಇದ್ದರ ಕೆಡ್ತದ. ನಾಳೆ ನಿಮ್ಮದೂ ಕೆಡ್ತದ."

ಮಾತು ಬಿಟ್ಟೆವು. ಆಮೇಲೊಂದು ದಿನ ಅವರೇ ಗೋಡೆಯ ಮುಂದೆ ನಿಂತಿದ್ದ ತಾಯಿಯ ಕೈ ಹಿಡಿದು ಕರೆತರಲು ಹೋದರು. ಅತ್ತೆ ಮಗನಿಗೆ, "ತಮ್ಮಾ, ಹೊರಗ ಮಂದಿ ಅದಾರ, ಬಾಗಲಾ ತಗೀಪಾ" ಎಂದು ಕೈ ಮುಗಿದರಂತೆ. ಮರುದಿನ ಗೋಡೆ ಒಡೆಯಲು ಗೌಂಡಿ ಬಂದ. ಗೋಡೆಯಲ್ಲಿ ಸಣ್ಣ ಬಾಗಿಲು, ಹೊರಗೆ ಪರಸಿ ಕಲ್ಲಿನ ಕಟ್ಟೆ, ಮೇಲೆ ತಗಡಿನ ನೆರಳು.

ಅತ್ತೆ ಗುಣವಾದರು ಎಂದರೆ ಸುಳ್ಳಾಗುತ್ತದೆ. ಉಂಡದ್ದು ಈಗಲೂ ಮರೆಯುತ್ತಾರೆ, ಗುಳಿಗೆ ತಪ್ಪಿಲ್ಲ. ಗೋಡೆ ತಡಕುವುದು ಮಾತ್ರ ನಿಂತಿದೆ. ಬದಲಿಗೆ ಓಣಿಯ ಮುದುಕಿಯರೆಲ್ಲ ಬಂದು ಹೊಸ ಗೋಡೆಗೆ ಎಲೆಯಡಿಕೆ ಉಗುಳುತ್ತಾರೆ, ಒರೆಸುವವಳು ನಾನು.

ಸುರಪುರದಿಂದ ಬಸ್ಸಿಳಿದು ಬಂದಾಗ ಕಟ್ಟೆ ತುಂಬಿತ್ತು. ಯಾರದೋ ಬಚ್ಚಲ ನೀರಿನ ಜಗಳ. ಅತ್ತೆ ನಡುವೆ ಕೂತು ಗಟ್ಟಿ ದನಿಯಲ್ಲಿ ತೀರ್ಪು ಕೊಡುತ್ತಿದ್ದರು, ಅದೂ ಜಗಳಕ್ಕೆ ಸಂಬಂಧವೇ ಇಲ್ಲದ ಬೇರೆ ಮನೆಯ ಬಚ್ಚಲಿನದು. ದೂರದಿಂದ ನನ್ನನ್ನು ಕಂಡು ಕೈ ಎತ್ತಿದರು.

"ತಡೀರಿ, ನಮ್ಮ ಸೊಸಿ ಬಂದಳು. ಎಲ್ಲಾರಿಗೂ ಚಾ ಮಾಡ್ತಾಳ."

ನಾನು ಯಾರೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಕಾಲು ನೋಯುತ್ತಿದ್ದವು, ಮನೆಯಲ್ಲಿ ಹಾಲು ಅಷ್ಟಕ್ಕಷ್ಟೇ. ಗೊಣಗುತ್ತಲೇ ಒಳಗೆ ಹೋಗಿ, ಇದ್ದುದರಲ್ಲಿ ದೊಡ್ಡ ಪಾತ್ರೆ ಹುಡುಕಿ ಒಲೆಯ ಮೇಲಿಟ್ಟೆ.